ಸೊನ್ನೆ ಬರೆದ ನಲವತ್ತೊಂದು ನರ್ಸ್‌ಗಳ ಪರವಾಗಿ

ಲಸಿಕೆ ವಿಶ್ವಾಸ ಮಾಪನ ಘಟಕದ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ನಮ್ಮ ಆಸ್ಪತ್ರೆಯ ನರ್ಸ್‌ಗಳಿಗೆ ಲಸಿಕೆಯ ಮೇಲೆ ನಂಬಿಕೆಯೇ ಇಲ್ಲವೆಂದು ನೀವು ಪತ್ರಿಕೆಗೆ ಹೇಳಿಕೆ ಕೊಟ್ಟು ಇಂದಿಗೆ ಮೂವತ್ತಮೂರು ದಿನವಾಯಿತು. ಅದು ಸುಳ್ಳು. ಸುಳ್ಳೆಂದು ನಿಮಗೂ ಗೊತ್ತು, ಏಕೆಂದರೆ ನಾನೇ ಮೂರು ಸಲ ಬರೆದು ತಿಳಿಸಿದ್ದೇನೆ. ಮೂರೂ ಸಲ ನಿಮ್ಮ ಕಚೇರಿಯಿಂದ ಉತ್ತರ ಬಂದಿದೆ, ಆ ಸೌಜನ್ಯಕ್ಕೆ ಕೊರತೆಯಿಲ್ಲ. ಆದರೆ ನಿಮ್ಮ ಅಂಕಿ ಮಾತ್ರ ಇದ್ದಲ್ಲಿಂದ ಕದಲಿಲ್ಲ. ಮುಚ್ಚಿದ ಲಕೋಟೆಯಲ್ಲಿ ಹೇಳಿದ್ದು ಕಿವಿಗೆ ಬೀಳಲಿಲ್ಲವಾದ್ದರಿಂದ ಈಗ ನಾಲ್ಕು ಜನರ ಎದುರಿಗೆ ಹೇಳುತ್ತಿದ್ದೇನೆ. ಇದರಲ್ಲಿ ನಾಚಿಕೆಪಡಬೇಕಾದ ವಿಷಯ ಬೇಕಾದಷ್ಟಿದೆ. ಯಾರು ನಾಚಿಕೊಳ್ಳಬೇಕು ಎಂಬುದನ್ನು ಓದುವವರು ತೀರ್ಮಾನಿಸಲಿ.

ನಾನು ಯಾರೆಂದು ಹೇಳಿಬಿಡುತ್ತೇನೆ. ಇಪ್ಪತ್ತಾರು ವರ್ಷಗಳಿಂದ ಈ ಆಸ್ಪತ್ರೆಯ ಲಸಿಕೆ ಕೊಠಡಿಯಲ್ಲಿದ್ದೇನೆ. ಕೊಠಡಿ ಎಂದರೆ ನೆಲಮಹಡಿಯ ಉದ್ದನೆಯ ಓಣಿಯ ಕಟ್ಟಕಡೆಗೆ, ಔಷಧಿ ಕಿಟಕಿಗೂ ಕೆಟ್ಟುನಿಂತ ಲಿಫ್ಟಿಗೂ ನಡುವೆ ಸಿಕ್ಕಿಕೊಂಡ ಒಂದು ಚೌಕ. ನಾಲ್ಕು ಜನರಿಗೆಂದು ಮಾಡಿಸಿದ ಒಂದು ಬೆಂಚು, ಅದರ ಮೇಲೆ ಪ್ರತಿ ಗುರುವಾರ ಒಂದೊಂದು ಸಲಕ್ಕೆ ಒಂಬತ್ತು ತಾಯಂದಿರು ಮತ್ತು ಅವರ ಮಡಿಲಲ್ಲಿ ಹನ್ನೊಂದು ಮಕ್ಕಳು. ಮಕ್ಕಳ ಬಾಯಲ್ಲಿ ನಾನು "ಸೂಜಿ ಅತ್ತೆ". ಊಟ ಮಾಡದೆ ಹಟ ಹಿಡಿದ ಮಕ್ಕಳಿಗೆ ನನ್ನ ಹೆಸರು ಹೇಳಿ ತುತ್ತು ನುಂಗಿಸುವ ತಾಯಂದಿರೂ ಇದ್ದಾರೆ. ಆ ಸೇವೆಯನ್ನು ಇಲಾಖೆ ಇನ್ನೂ ಗುರುತಿಸಿಲ್ಲ. ಅಳತೆ ಎಂದರೆ ನನಗೆ ಆಗುವುದಿಲ್ಲ ಎಂದು ಮಾತ್ರ ತಿಳಿಯಬೇಡಿ. ಲಸಿಕೆಯ ಫ್ರಿಜ್ಜಿನ ತಾಪಮಾನವನ್ನು ದಿನಕ್ಕೆರಡು ಸಲ ನೋಡಿ ಬರೆಯುವವಳು ನಾನು, ರಜೆಯ ದಿನವೂ ಸೇರಿ. ನನ್ನ ಮಗಳ ಮದುವೆಯ ಬೆಳಿಗ್ಗೆಯೂ ಆಸ್ಪತ್ರೆಗೆ ಬಂದು ತಾಪಮಾಪಕದ ಮುಳ್ಳು ನೋಡಿ ಹೋಗಿದ್ದೆ. "ಮದುಮಗಳ ಅಮ್ಮ ಎಲ್ಲಿ" ಎಂದು ಬೀಗರು ಕೇಳಿದಾಗ ನನ್ನ ಯಜಮಾನರು, "ಫ್ರಿಜ್ಜಿಗೆ ಜ್ವರ ಇದೆಯಾ ನೋಡೋಕೆ ಹೋಗಿದ್ದಾಳೆ" ಎಂದರಂತೆ. ಬೀಗರು ಅದನ್ನು ಇವತ್ತಿಗೂ ಮರೆತಿಲ್ಲ.

ಅಂಥವಳಾದ್ದರಿಂದ, ಆರೋಗ್ಯ ಸಿಬ್ಬಂದಿಗೆ ಲಸಿಕೆಯ ಮೇಲೆ ಎಷ್ಟು ವಿಶ್ವಾಸವಿದೆ ಎಂದು ಅಳೆಯಲು ನೀವು ಹೊರಟಿದ್ದೀರೆಂದು ಕೇಳಿದಾಗ ನನಗೆ ನಿಜಕ್ಕೂ ಸಂತೋಷವಾಗಿತ್ತು. ಅಳೆಯಲೇಬೇಕಾದ ವಸ್ತು ಅದು. ಹಾಕುವವರಿಗೇ ನಂಬಿಕೆ ಇಲ್ಲದಿದ್ದರೆ ಹಾಕಿಸಿಕೊಳ್ಳುವವರಿಗೆ ಎಲ್ಲಿಂದ ಬರಬೇಕು? ನಿಮ್ಮ ಉದ್ದೇಶದ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ಇರುವುದು ನೀವು ಅಳೆದ ರೀತಿ, ಆಮೇಲೆ ಆಡಿದ ಮಾತು, ಅದಾದ ಮೇಲೆ ಹಿಡಿದ ಹಟ, ಇವುಗಳ ಬಗ್ಗೆ.

ಏನಾಯಿತೆಂದು ಓದುಗರಿಗೂ ತಿಳಿಯಲಿ. ನಿಮ್ಮ ನಮೂನೆ ಎರಡು ಹಾಳೆಯದು. ಮೊದಲನೆಯದರಲ್ಲಿ ಸೂಚನೆಗಳು, ಎರಡನೆಯದರಲ್ಲಿ ಹನ್ನೆರಡು ಸಾಲು. "ಲಸಿಕೆಗಳ ಸುರಕ್ಷತೆ", "ಲಸಿಕೆಗಳ ಪರಿಣಾಮ", "ಲಸಿಕೆ ತಯಾರಿಸುವವರು", ಹೀಗೆ. ಪ್ರತಿ ಸಾಲಿನ ಮುಂದೆ ಒಂದು ಗೀಟು, ಗೀಟಿನ ಈ ತುದಿಗೆ ಸೊನ್ನೆ, ಆ ತುದಿಗೆ ಹತ್ತು. ಅದು ನಮ್ಮಲ್ಲಿಗೆ ಬಂದದ್ದು ಪಾಳಿ ಬದಲಾಗುವ ಹೊತ್ತಿಗೆ. ನಮ್ಮ ಕಚೇರಿಯ ಗುಮಾಸ್ತರು ಕಾಗದ ಉಳಿಸುವುದರಲ್ಲಿ ಎತ್ತಿದ ಕೈ. ಗೀಟುಗಳಿದ್ದ ಹಾಳೆಯನ್ನು ಮಾತ್ರ ನಲವತ್ತೆರಡು ಪ್ರತಿ ತೆಗೆಸಿ, ಹತ್ತು ಎಂದರೆ ಪೂರ್ತಿ ನಂಬಿಕೆ ಎಂದು ತಿಳಿಸುವ ಸೂಚನೆಗಳ ಹಾಳೆಯನ್ನು ಫೈಲಿಗೆ ಹಾಕಿದರು. "ಸೂಚನೆ ಯಾರ್ ಓದ್ತಾರೆ ಬಿಡಿ" ಎಂದು ಅವರು ಆಮೇಲೆ ನನ್ನೆದುರಿಗೇ ಹೇಳಿದರು. ನಮ್ಮ ಕಡೆಯ ತಪ್ಪು ಇದೇ. ಒಪ್ಪಿಕೊಂಡಿದ್ದೇನೆ, ಮೂರು ಪತ್ರಗಳಲ್ಲೂ ಬರೆದಿದ್ದೇನೆ.

ಈಗ ವಾರ್ಡಿನ ನರ್ಸ್ ಒಬ್ಬಳ ಕೈಗೆ ಸೊನ್ನೆಯಿಂದ ಹತ್ತರವರೆಗಿನ ಗೀಟು ಕೊಟ್ಟರೆ ಅವಳು ಏನು ಮಾಡುತ್ತಾಳೆ ಎಂದು ನೀವು ಒಂದು ಸಲವಾದರೂ ಯೋಚಿಸಿದ್ದೀರಾ? ಆ ಗೀಟನ್ನು ಅವಳು ದಿನವಿಡೀ ನೋಡುತ್ತಾಳೆ. ಅದು ನೋವಿನ ಪಟ್ಟಿ. ಪ್ರತಿ ಮಂಚದ ಕಾಲಿಗೂ ಒಂದು ನೇತಾಡುತ್ತಿರುತ್ತದೆ. ನಾಲ್ಕು ಗಂಟೆಗೊಮ್ಮೆ ರೋಗಿಯ ಬಳಿ ಹೋಗಿ, "ನೋವು ಎಷ್ಟಿದೆ, ಸೊನ್ನೆಯಿಂದ ಹತ್ತರೊಳಗೆ ಹೇಳಿ" ಎಂದು ಕೇಳಿ ಬರೆಯಬೇಕು. ಹತ್ತು ಎಂದರೆ ಡಾಕ್ಟರನ್ನು ಓಡಿಹೋಗಿ ಕರೆಯಬೇಕು. ಸೊನ್ನೆ ಎಂದರೆ ಏನೂ ತೊಂದರೆಯಿಲ್ಲ, ರೋಗಿ ಆರಾಮಾಗಿದ್ದಾನೆ, ನಾಳೆ ಮನೆಗೆ ಕಳಿಸಬಹುದು. ಒಂದು ಸಲ ಬರೆಯಲು ಮರೆತರೆ ನಮ್ಮ ಮೇಟ್ರನ್ ಮೇಡಂ ಕೈಗೆ ಸಿಕ್ಕಿ ಬದುಕಿದವರಿಲ್ಲ. ನರ್ಸ್‌ಗಳಾದ ನಮಗೆ ಜಗತ್ತಿನಲ್ಲಿ ಸೊನ್ನೆಗಿಂತ ಮುದ್ದಾದ ಅಂಕಿ ಇನ್ನೊಂದಿಲ್ಲ.

ಹಾಗಾಗಿ ಮನೆಗೆ ಹೊರಟವರು ಬ್ಯಾಗು ಹೆಗಲಿಗೇರಿಸಿಕೊಂಡು, ಕೆಲಸಕ್ಕೆ ಬಂದವರು ಟೋಪಿಗೆ ಪಿನ್ನು ಚುಚ್ಚಿಕೊಳ್ಳುತ್ತಾ, ನಿಂತಲ್ಲೇ ನಿಮ್ಮ ಹಾಳೆ ತುಂಬಿದರು. ಲಸಿಕೆಗಳ ಸುರಕ್ಷತೆಯೇ? ತೊಂದರೆ ಏನೂ ಇಲ್ಲ, ಸೊನ್ನೆ. ಪರಿಣಾಮವೇ? ಸೊನ್ನೆ. ತಯಾರಿಸುವವರೇ? ಅವರ ಮೇಲೂ ದೂರಿಲ್ಲ, ಸೊನ್ನೆ. ನಾನೂ ಹನ್ನೆರಡು ಸೊನ್ನೆ ಹಾಕಿದೆ, ಗುಂಡಗೆ, ಮನಸಾರೆ. ಇಷ್ಟು ಒಳ್ಳೆಯ ಅಂಕ ಇನ್ಯಾವ ಆಸ್ಪತ್ರೆಗೂ ಬರಲಾರದು ಎಂದು ಮೇಟ್ರನ್ ಮೇಡಂ ಹೆಮ್ಮೆಯಿಂದ ಹಾಳೆಗಳನ್ನು ಲಕೋಟೆಗೆ ಹಾಕಿ ತಾವೇ ಅಂಟಿಸಿದರು.

ನಲವತ್ತೆರಡು ಹಾಳೆಗಳಲ್ಲಿ ಒಂದು ಮಾತ್ರ ಬೇರೆಯಾಗಿತ್ತು. ಅದು ನಮ್ಮ ಎಕ್ಸ್-ರೇ ತಂತ್ರಜ್ಞನದು. ಸದಾ ಕತ್ತಲಕೋಣೆಯಲ್ಲಿರುವ ಕಾರಣ ಆಸ್ಪತ್ರೆಯವರೆಲ್ಲ ಅವನನ್ನು ಕತ್ತಲರಾಯ ಎನ್ನುತ್ತಾರೆ. ಬಂಗಾರದಂಥ ಮನುಷ್ಯ, ಮುರಿದ ಮೂಳೆಯನ್ನು ಎಷ್ಟು ನಾಜೂಕಾಗಿ ತಿರುಗಿಸಿ ಚಿತ್ರ ತೆಗೆಯುತ್ತಾನೆಂದರೆ ರೋಗಿಗಳು ಹರಸುತ್ತಾರೆ. ಆದರೆ ಸೂಜಿ ಕಂಡರೆ ಅವನ ಜೀವ ಬಾಯಿಗೆ ಬರುತ್ತದೆ. ಆರು ವರ್ಷಗಳಿಂದ ಪ್ರತಿ ವರ್ಷ ಫ್ಲೂ ಲಸಿಕೆಯ ವಾರದಲ್ಲಿ ನಾನು ಅವನ ಹಿಂದೆ ಅಲೆದಿದ್ದೇನೆ. ಒಂದು ಸಲ ಸೀಸದ ನಿಲುವಂಗಿ ತೊಟ್ಟು ತೆರೆಯ ಹಿಂದೆ ನಿಂತುಕೊಂಡು, "ಸಿಸ್ಟರ್, ಒಳಗೆ ಕಿರಣ ಬಿಟ್ಟಿದ್ದೀನಿ, ಬರಬೇಡಿ" ಎಂದ. ಮೇಜಿನ ಮೇಲೆ ರೋಗಿಯೇ ಇರಲಿಲ್ಲ. ಅವನು ವಾರ್ಡಿಗೆ ಬರುವವನಲ್ಲ, ನೋವಿನ ಪಟ್ಟಿಯ ಗೊಡವೆ ಅವನಿಗಿಲ್ಲ. ಯಾವ ನಮೂನೆ ಬಂದರೂ ಎಲ್ಲಕ್ಕೂ ದೊಡ್ಡ ಅಂಕವನ್ನೇ ಹಾಕುವುದು ಅವನ ಪದ್ಧತಿ. ಹಾಗೆ ಮಾಡಿದರೆ ಯಾರೂ ಕರೆದು ಮರುಪ್ರಶ್ನೆ ಕೇಳುವುದಿಲ್ಲವಂತೆ. ಹನ್ನೆರಡು ಸಾಲಿಗೂ ಹತ್ತು ಬರೆದ.

ನಿಮ್ಮ ಘಟಕ ಕೂಡಿಸಿ ಭಾಗಿಸಿತು. ನಮ್ಮ ಆಸ್ಪತ್ರೆಯ ಲಸಿಕೆ ವಿಶ್ವಾಸ ಹತ್ತಕ್ಕೆ ಸೊನ್ನೆ ದಶಾಂಶ ಎರಡು ನಾಲ್ಕು. ಆ ಎರಡು ನಾಲ್ಕು ಕೂಡ ಕತ್ತಲರಾಯನ ಕೊಡುಗೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ ಹಿಂದಿನವರು. ನೀವು ಒಂದು ಹೆಜ್ಜೆ ಮುಂದೆ ಹೋಗಿ ಎತ್ತಿನ ಬಾಣಂತನದ ಸುದ್ದಿಯನ್ನು ಪತ್ರಿಕೆಗೂ ಕೊಟ್ಟಿರಿ. "ಲಸಿಕೆ ಹಾಕುವ ಕೈಗಳಿಗೇ ಲಸಿಕೆಯ ಮೇಲೆ ನಂಬಿಕೆಯಿಲ್ಲ" ಎಂದು ಮೂರನೆಯ ಪುಟದಲ್ಲಿ, ಬೆರಳುದ್ದದ ಅಕ್ಷರದಲ್ಲಿ ಬಂತು. ಪಕ್ಕದಲ್ಲೇ ನಮ್ಮ ಆಸ್ಪತ್ರೆಯ ಗೇಟಿನ ಚಿತ್ರ.

ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಈ ವರ್ಷ ಫ್ಲೂ ಲಸಿಕೆ ಹಾಕಿಸಿಕೊಂಡ ಸಿಬ್ಬಂದಿಯ ಪಟ್ಟಿಯನ್ನು ನಾನೇ ನಿಮ್ಮ ಇಲಾಖೆಗೆ ಕಳಿಸಿದ್ದೆ. ಅದರ ಪ್ರಕಾರ ಆ ನಲವತ್ತೆರಡು ಜನರಲ್ಲಿ ನಲವತ್ತೊಂದು ಜನ ಹಾಕಿಸಿಕೊಂಡಿದ್ದಾರೆ, ಒಬ್ಬ ಹಾಕಿಸಿಕೊಂಡಿಲ್ಲ. ನಂಬಿಕೆಯೇ ಇಲ್ಲದ ನಲವತ್ತೊಂದು ಜನ ತಾವಾಗಿ ತೋಳು ಚಾಚಿ ಚುಚ್ಚಿಸಿಕೊಂಡರು, ನೂರಕ್ಕೆ ನೂರು ನಂಬಿಕೆಯುಳ್ಳ ಒಬ್ಬ ಮಾತ್ರ ತಪ್ಪಿಸಿಕೊಂಡ ಎಂದರೆ, ಅಲ್ಲೇನೋ ಎಡವಟ್ಟಾಗಿದೆ ಎಂದು ನಿಮ್ಮ ಕಚೇರಿಯಲ್ಲಿ ಒಬ್ಬರಿಗಾದರೂ ಅನಿಸಬೇಡವೇ? ಎರಡೂ ಪಟ್ಟಿಗಳು ಒಂದೇ ಕೋಣೆಯ ಎರಡು ಮೇಜುಗಳ ಮೇಲಿದ್ದವಂತೆ. ಆ ಮೇಜುಗಳ ನಡುವೆ ಎಷ್ಟು ಹರದಾರಿ ದೂರವಿದೆ ಎಂದು ದಯವಿಟ್ಟು ಅಳೆಯಿಸಿ.

ಅದರ ಬದಲು ನೀವು ನಮ್ಮನ್ನು ತಿದ್ದಲು ತರಬೇತುದಾರರೊಬ್ಬರನ್ನು ಕಳಿಸಿದಿರಿ. ಮೃದು ಮಾತಿನ ಯುವಕ, ಬಗಲಲ್ಲಿ ಬಣ್ಣದ ಕಾಗದಗಳ ಸುರುಳಿ. ಎರಡು ದಿನದ "ವಿಶ್ವಾಸ ವರ್ಧನೆ ಕಾರ್ಯಾಗಾರ". ಮೊದಲ ಅಭ್ಯಾಸವೆಂದರೆ ಒಬ್ಬರು ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು, ಹಿಂದೆ ನಿಂತವರು ಹಿಡಿಯಬೇಕು. ಅದರಿಂದ ಪರಸ್ಪರ ನಂಬಿಕೆ ಬೆಳೆಯುತ್ತದೆ. ಮೇಟ್ರನ್ ಮೇಡಂ ತುಂಬು ಮೈಯವರು. ಕರೆದ ಕೂಡಲೇ ಎದ್ದು ಹೋಗಿ, ಕೈಕಟ್ಟಿ, ಹೇಳದೆ ಕೇಳದೆ ಬಿದ್ದರು. ಹಿಡಿಯಲು ನಿಂತಿದ್ದವನು ನಿಮ್ಮ ತರಬೇತುದಾರನೇ. ಅವನ ಮಣಿಕಟ್ಟಿನ ಎಕ್ಸ್-ರೇಯನ್ನು ಕತ್ತಲರಾಯ ಅರ್ಧ ಗಂಟೆಯಲ್ಲಿ ತೆಗೆದುಕೊಟ್ಟ. ಮೂಳೆ ಮುರಿದಿರಲಿಲ್ಲ, ದೇವರು ದೊಡ್ಡವನು. ಪಟ್ಟಿ ಕಟ್ಟುವಾಗ ನಮ್ಮ ಕಿರಿಯ ನರ್ಸ್ ಅಭ್ಯಾಸಬಲದಿಂದ ಕೇಳಿದಳು, ನೋವು ಎಷ್ಟಿದೆ, ಸೊನ್ನೆಯಿಂದ ಹತ್ತರೊಳಗೆ ಹೇಳಿ ಎಂದು. ಏಳು ಎಂದ ಪಾಪ.

ಮಧ್ಯಾಹ್ನ ಅದೇ ಕೈಯಲ್ಲಿ ಅವನು ನಮ್ಮ ಸಾಧನೆಯ ನಕ್ಷೆ ಬಿಡಿಸಿದ. ಉಳಿದ ಆಸ್ಪತ್ರೆಗಳ ಕಂಬಗಳು ಎದೆಯೆತ್ತರ, ನಮ್ಮದು ನೆಲಕ್ಕೆ ಹಚ್ಚಿದ ಸುಣ್ಣದಷ್ಟು. ಆಗ ಅದೇ ಕಿರಿಯ ನರ್ಸ್ ಎದ್ದು ನಿಂತಳು.

"ಸಾರ್, ಒಂದ್ ನಿಮಿಷ. ಸೊನ್ನೆ ಅಂದ್ರೆ ತೊಂದ್ರೆ ಏನೂ ಇಲ್ಲ ಅಂತ ತಾನೇ?"

ಮೊದಲು ಆಪರೇಷನ್ ಕೋಣೆಯ ನರ್ಸ್ ನಗಲು ಶುರುಮಾಡಿದಳು. ಅವಳಿಂದ ಅವಳ ಪಕ್ಕದವಳಿಗೆ, ಅಲ್ಲಿಂದ ಇಡೀ ಸಾಲಿಗೆ ಹಬ್ಬಿತು. ಮೇಟ್ರನ್ ಮೇಡಂ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರು ಇಲ್ಲಿಗೆ ಬಂದ ಹದಿನಾರು ವರ್ಷಗಳಲ್ಲಿ ಅವರು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ಆ ಯುವಕನೂ ನಕ್ಕ. ಆದರೆ ಅವನು ನಿಮಗೆ ಕೊಟ್ಟ ವರದಿಯಲ್ಲಿ, "ಭಾಗವಹಿಸಿದವರು ವಿಷಯವನ್ನು ಗಂಭೀರವಾಗಿ ಪರಿಗಣಿಸಲಿಲ್ಲ" ಎಂದಷ್ಟೇ ಇತ್ತು.

ಅಂದೇ ಸಂಜೆ ನಾನು ನಿಮಗೆ ಮೊದಲ ಪತ್ರ ಬರೆದೆ. ದತ್ತಾಂಶ ಈಗಾಗಲೇ ಅಂಗೀಕಾರವಾಗಿದೆ, ತಿದ್ದಲು ಅವಕಾಶವಿಲ್ಲ ಎಂದು ಉತ್ತರ ಬಂತು. ಎರಡನೆಯ ಪತ್ರಕ್ಕೆ, ಮುಂದಿನ ಸಮೀಕ್ಷೆಯಲ್ಲಿ ಪರಿಗಣಿಸಲಾಗುವುದು ಎಂಬ ಉತ್ತರ. ಮುಂದಿನ ಸಮೀಕ್ಷೆ ಎರಡು ವರ್ಷಕ್ಕೆ. ಮೂರನೆಯ ಉತ್ತರವನ್ನು ಮಾತ್ರ ನಾನು ಚೌಕಟ್ಟು ಹಾಕಿಸಬೇಕೆಂದಿದ್ದೇನೆ. ಅಳತೆಗೋಲನ್ನು ತಪ್ಪಾಗಿ ಗ್ರಹಿಸುವುದು ಕೂಡ ವಿಶ್ವಾಸದ ಕೊರತೆಯ ಒಂದು ಲಕ್ಷಣವೆಂದು ತಜ್ಞರು ಅಭಿಪ್ರಾಯಪಡುತ್ತಾರೆ ಎಂದು ಅದರಲ್ಲಿದೆ. ಮೂಗಿಗಿಂತ ಮೂಗುತಿ ಭಾರ ಎನ್ನುವುದನ್ನು ಕೇಳಿದ್ದೆ, ಈಗ ಕೈಯಲ್ಲಿ ಹಿಡಿದು ನೋಡಿದೆ.

ತಜ್ಞರ ಮಾತು ಬಂದದ್ದರಿಂದ ವಿಶ್ವಾಸದ ಬಗ್ಗೆ ನಾನು ಕಂಡುಕೊಂಡದ್ದನ್ನೂ ಸ್ವಲ್ಪ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಹೊಸ ಲಸಿಕೆ ಬಂತು, ಸಿಬ್ಬಂದಿಗೇ ಮೊದಲು ಎಂದರು. ಮೊದಲನೆಯವಳು ನಾನು. ನಿಜ ಹೇಳುತ್ತೇನೆ, ನನಗೆ ಭಯವಾಯಿತು. ಮೂರು ದಿನ ಸರಿಯಾಗಿ ಊಟ ಸೇರಲಿಲ್ಲ. ಸಾವಿರಾರು ಮಕ್ಕಳ ತೊಡೆಗೆ ಚುಚ್ಚಿದವಳು ನನ್ನ ತೋಳಿನ ಸರದಿ ಬಂದಾಗ ಕುಂಟುನೆಪ ಹುಡುಕಿದೆ. ನಮ್ಮ ಮಕ್ಕಳ ಡಾಕ್ಟರು ಆಗ ನಿವೃತ್ತಿಯ ಅಂಚಿನಲ್ಲಿದ್ದರು, ಮುಂಗೋಪಿ. ಅವರ ಹಿಂದೆ ಬಿದ್ದು ಹೋದಲ್ಲಿ ಬಂದಲ್ಲಿ ಪ್ರಶ್ನೆ ಕೇಳಿದೆ. ಎಷ್ಟು ಜನಕ್ಕೆ ಕೊಟ್ಟು ನೋಡಿದ್ದಾರೆ, ರಕ್ತದೊತ್ತಡವಿದ್ದರೆ ಏನಾಗುತ್ತದೆ, ಹತ್ತು ವರ್ಷದ ಮೇಲೆ ಏನಾಗುತ್ತದೆ. ಮೂರನೆಯ ದಿನ ಅವರು ರೇಗಿ ಕುರ್ಚಿ ಎಳೆದುಕೊಂಡು ಕೂತು, ಒಂದೂವರೆ ಗಂಟೆ ಒಂದೊಂದಕ್ಕೂ ಉತ್ತರ ಹೇಳಿದರು. ಎರಡು ಪ್ರಶ್ನೆಗೆ, "ಇದು ನನಗೂ ಗೊತ್ತಿಲ್ಲಮ್ಮ, ಗೊತ್ತಾದಾಗ ಹೇಳ್ತೀನಿ" ಎಂದರು. ಆ ಎರಡು "ಗೊತ್ತಿಲ್ಲ"ದಿಂದಲೇ ನನಗೆ ಉಳಿದದ್ದರ ಮೇಲೆ ನಂಬಿಕೆ ಬಂತು. ಮಾರನೆಯ ಬೆಳಿಗ್ಗೆ ಹೋಗಿ ಹಾಕಿಸಿಕೊಂಡೆ. ಈಗ ಹೇಳಿ, ಆ ಮೂರು ದಿನದಲ್ಲಿ ನೀವು ಗೀಟು ಹಿಡಿದು ಬಂದಿದ್ದರೆ ನಾನು ಎಷ್ಟು ಬರೆಯಬೇಕಿತ್ತು? ಕೇಳಿ ಕೇಳಿ ನಂಬಿದವಳಿಗೂ, ಯಾರಾದರೂ ಕೇಳಿಯಾರೆಂದು ಹೆದರಿ ಹತ್ತು ಬರೆದವನಿಗೂ ನಿಮ್ಮ ಹಾಳೆಯಲ್ಲಿ ಏನು ವ್ಯತ್ಯಾಸ? ಯಾರನ್ನು ಕೇಳಿದಿರಿ, ಅವರು ಕೂತು ಉತ್ತರ ಹೇಳಿದರೇ ಎಂಬ ಸಾಲು ಆ ಹನ್ನೆರಡರಲ್ಲಿ ಒಂದೂ ಇಲ್ಲ.

ಹಾಗೆ ಹೆದರಿದವನ ಕಥೆಯನ್ನು ಮುಗಿಸುತ್ತೇನೆ. ನಿಮ್ಮ ಘಟಕ ಕತ್ತಲರಾಯನನ್ನು ನಮ್ಮ ಆಸ್ಪತ್ರೆಯ "ವಿಶ್ವಾಸ ರಾಯಭಾರಿ" ಎಂದು ಘೋಷಿಸಿತು. ಎದೆಗೆ ಬಿಲ್ಲೆ, ಗೋಡೆಗೆ ಅವನ ಮುಖದ ಪೋಸ್ಟರು. ನಂಬಿಕೆಯಿಲ್ಲದ ನಮಗೆ ಅವನು ವಾರಕ್ಕೊಮ್ಮೆ ತಿಳಿವಳಿಕೆ ಹೇಳಬೇಕೆಂದು ಆದೇಶ ಬಂತು. ಮೊದಲ ವಾರ ಅವನು ನನ್ನ ಕೋಣೆಗೆ ಬಂದು ಬಾಗಿಲು ಮುಚ್ಚಿ, "ಸಿಸ್ಟರ್, ನನ್ನನ್ನ ಹೇಗಾದ್ರೂ ಇದರಿಂದ ಬಿಡಿಸಿ" ಎಂದು ಕೈ ಹಿಡಿದುಕೊಂಡ. ಸತ್ಯ ಬರೆದುಕೊಡು ಎಂದೆ. ಬರೆದುಕೊಟ್ಟ. ರಾಯಭಾರಿಯ ವಿನಯ ಮೆಚ್ಚತಕ್ಕದ್ದು ಎಂದು ಉತ್ತರ ಬಂತು.

ಆಮೇಲೆ ರಾಯಭಾರಿ ಸಾರ್ವಜನಿಕರ ಎದುರಿಗೆ ಲಸಿಕೆ ಹಾಕಿಸಿಕೊಳ್ಳುವ ಕಾರ್ಯಕ್ರಮ. ಆಸ್ಪತ್ರೆಯ ಗೇಟಿನೊಳಗೆ ಶಾಮಿಯಾನ, ಛಾಯಾಗ್ರಾಹಕ, ನೂರೈವತ್ತು ಜನ, ಅರ್ಧದಷ್ಟು ತಾಯಂದಿರು. ಅವನ ಮುಖ ಆಗಲೇ ಬಿಳುಚಿತ್ತು. ಮಲಗಿಸಿ ಹಾಕುತ್ತೇನೆ ಎಂದು ನಿಮ್ಮ ಕಚೇರಿಯಿಂದ ಬಂದಿದ್ದವರಿಗೆ ಹೇಳಿದೆ. ಮಲಗಿದರೆ ಫೋಟೋ ಚೆನ್ನಾಗಿ ಬರುವುದಿಲ್ಲ, ನಿಲ್ಲಲಿ ಎಂದರು. ನಾನು ಹತ್ತಿ ಒದ್ದೆ ಮಾಡಿ ಅವನ ತೋಳು ಒರೆಸಿದೆ ಅಷ್ಟೆ. ಸೂಜಿ ಇನ್ನೂ ತಟ್ಟೆಯಲ್ಲೇ ಇತ್ತು. ರಾಯಭಾರಿ ಕಡಿದ ಬಾಳೆಯಂತೆ ನೆಲಕ್ಕೊರಗಿದ. ಐದು ನಿಮಿಷಕ್ಕೆ ಎದ್ದು ನೀರು ಕುಡಿದ, ಏನೂ ಆಗಿರಲಿಲ್ಲ. ಆದರೆ ಜನ ಕಂಡದ್ದು ಅವನನ್ನು ಸ್ಟ್ರೆಚರ್ ಮೇಲೆ ಒಳಗೆ ಒಯ್ದದ್ದನ್ನು. ನರ್ಸ್‌ಗಳಿಗೆ ನಂಬಿಕೆಯಿಲ್ಲ ಎಂದು ಮೊದಲೇ ಓದಿದ್ದರು, ನಂಬಿದ ಒಬ್ಬನೂ ಮಗುಚಿ ಬಿದ್ದದ್ದನ್ನು ಈಗ ಕಣ್ಣಾರೆ ಕಂಡರು. ಗಾಯದ ಮೇಲೆ ಬರೆ ಎಳೆಯಲು ಶಾಮಿಯಾನ ಹಾಕಿಸಿದ್ದು ನೀವು.

ಇಲ್ಲಿಯ ತನಕ ನಾನೂ ನಕ್ಕಿದ್ದೇನೆ. ಮನೆಯಲ್ಲಿ ಹೇಳಿ ಮಗಳು ಅಳಿಯರನ್ನೂ ನಗಿಸಿದ್ದೇನೆ. ಆದರೆ ಅದರ ಮುಂದಿನ ಗುರುವಾರ ನನ್ನ ಬೆಂಚಿನ ಮೇಲೆ ಕುಳಿತುಕೊಳ್ಳಲು ಜಾಗವಿತ್ತು. ಸಾಮಾನ್ಯವಾಗಿ ಐವತ್ತೈದು, ಅರವತ್ತು ಮಕ್ಕಳು ಬರುವ ದಿನ ಅದು. ಹದಿನಾರು ಬಂದವು. ಅದಾದ ಗುರುವಾರ ಏಳು. ಮಧ್ಯಾಹ್ನದ ಹೊತ್ತಿಗೆ ಆ ಓಣಿಯಲ್ಲಿ ಒಂದು ಮಗು ಅಳುವ ಸದ್ದೂ ಇರಲಿಲ್ಲ. ಇಪ್ಪತ್ತಾರು ವರ್ಷ ಆ ಅಳು ಕೇಳಿ ತಲೆನೋವು ಎಂದು ಗೊಣಗಿದವಳು ನಾನು. ಅವತ್ತು ಆ ಅಳು ಕೇಳಿಸೀತೇನೋ ಎಂದು ಬಾಗಿಲಲ್ಲೇ ನಿಂತು ಕಾದೆ.

ಆಸ್ಪತ್ರೆಯ ಎದುರಿಗೆ ಇಸ್ತ್ರಿ ಅಂಗಡಿಯೊಂದಿದೆ. ಗಂಡ ಹೆಂಡತಿ ನಡೆಸುತ್ತಾರೆ, ನಮ್ಮೆಲ್ಲರ ಬಿಳಿ ಕೋಟು ಅಲ್ಲಿಗೇ ಹೋಗುವುದು. ಆ ಹೆಣ್ಣುಮಗಳ ಮೊದಲ ಮಗನಿಗೆ ಎಲ್ಲ ಲಸಿಕೆಯನ್ನೂ ಹಾಕಿದವಳು ನಾನೇ. ಎರಡನೆಯದು ಹೆಣ್ಣು ಮಗು. ಒಂಬತ್ತು ತಿಂಗಳು ತುಂಬಿ ದಡಾರದ ಲಸಿಕೆಗೆ ಬರಬೇಕಾದ ಗುರುವಾರ ಅವಳು ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ. ಕೋಟು ತರುವ ನೆವದಲ್ಲಿ ನಾನೇ ಹೋದೆ. ಮಗು ಇಸ್ತ್ರಿ ಮೇಜಿನ ಪಕ್ಕ, ಮಡಿಸಿದ ಚಾದರಗಳ ರಾಶಿಗೆ ಒರಗಿಕೊಂಡು ಗುಂಡಿಗಳ ಡಬ್ಬಿ ಅಲ್ಲಾಡಿಸುತ್ತಿತ್ತು. ನನ್ನ ಕೋಟನ್ನು ಅವಳು ಎಂದಿನಂತೆ ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಟ್ಟಳು. ಸುತ್ತಿದ್ದು ಆ ಮೂರನೆಯ ಪುಟದಲ್ಲೇ, ತಲೆಬರಹ ಮೇಲಕ್ಕೆ ಕಾಣುವಂತೆ.

"ನಿಮಗೇ ನಂಬಿಕೆ ಇರಲಿಲ್ಲ ಅಂದ್ರೆ, ನನ್ನ ದೊಡ್ಡ ಮಗನಿಗೆ ಹಾಕುವಾಗ ಒಂದ್ ಮಾತು ಹೇಳಬಾರದಿತ್ತಾ ಅಕ್ಕ?" ಎಂದಳು. ಸಿಟ್ಟಿರಲಿಲ್ಲ. ನೊಂದುಕೊಂಡಿದ್ದಳು.

ನಾನು ಎಲ್ಲ ವಿವರಿಸಿದೆ. ಗೀಟು, ನೋವಿನ ಪಟ್ಟಿ, ಗುಮಾಸ್ತರು, ಮೊದಲ ಹಾಳೆ. ಹೇಳುತ್ತಾ ಹೇಳುತ್ತಾ ನನ್ನ ಕಿವಿಗೇ ಅದು ಕಟ್ಟುಕಥೆಯಂತೆ ಕೇಳಿಸತೊಡಗಿತು. ಅವಳು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು.

"ಸೊನ್ನೆ ಅಂದ್ರೆ ಪೂರ್ತಿ ನಂಬಿಕೆ ಅಂತೀರಾ," ಎಂದಳು. "ನಾನು ನಿಮ್ಮನ್ನ ಸುಳ್ಳು ಅಂತ ಅನ್ನಲ್ಲ ಅಕ್ಕ. ಆದ್ರೆ ಪೇಪರಲ್ಲಿ ಹಾಕಿಸಿದೋರು ದೊಡ್ಡೋರು. ತಪ್ಪಾಯ್ತು ಅಂತ ಅವರು ಒಂದ್ ಮಾತು ಹೇಳ್ಲಿ, ಅವತ್ತೇ ಕರ್ಕೊಂಡು ಬರ್ತೀನಿ."

ರಸ್ತೆ ದಾಟಿ ವಾಪಸು ಬರುವಾಗ ನನಗೆ ಅಳು ಬಂತು. ಬಿಸಿಲಿಗೆ ಕಣ್ಣೀರು ಎಂದು ಗೇಟಿನ ಕಾವಲಿನವನಿಗೆ ಸುಳ್ಳು ಹೇಳಿದೆ. ಅವಳು ಕೇಳಿದ್ದರಲ್ಲಿ ತಪ್ಪೇನಿದೆ? ತಾಯಿಯಾದವಳು ಕೇಳಬೇಕಾದ್ದನ್ನೇ ಕೇಳಿದಳು. ಅವಳ ಮಾತಿಗೆ ಉತ್ತರ ಇರುವುದು ನನ್ನ ಬಳಿಯಲ್ಲ, ನಿಮ್ಮ ಬಳಿ. ಮೊನ್ನೆ ನಮ್ಮ ಮಕ್ಕಳ ವಾರ್ಡಿಗೆ ದಡಾರ ಬಂದ ಎರಡು ಮಕ್ಕಳು ಸೇರಿದವು, ಎರಡೂ ಆ ಇಸ್ತ್ರಿ ಅಂಗಡಿಯ ಹಿಂದಿನ ಬೀದಿಯವು. ಒಂದಕ್ಕೆ ಉಸಿರಾಟದ ತೊಂದರೆಯಿದೆ. ಅದಕ್ಕೆ ಇನ್ನೂ ಮಾತು ಬಾರದ್ದರಿಂದ ನೋವಿನ ಅಂಕವನ್ನು ನಾವೇ ಮುಖ ನೋಡಿ ಬರೆಯುತ್ತಿದ್ದೇವೆ. ನಾನು ಅದನ್ನು ನೋಡಿ ಬಂದು ಈ ಪತ್ರಕ್ಕೆ ಕೂತಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ ಹೇಳುತ್ತೇನೆ. ಗುರುವಾರದ ಒಳಗೆ ಅದೇ ಪತ್ರಿಕೆಯಲ್ಲಿ, ಅದೇ ಮೂರನೆಯ ಪುಟದಲ್ಲಿ, ಅದೇ ಬೆರಳುದ್ದದ ಅಕ್ಷರದಲ್ಲಿ, ನಮ್ಮಿಂದ ತಪ್ಪಾಯಿತು ಎಂದು ಹಾಕಿಸಿ. "ಕೆಲವು ತಾಂತ್ರಿಕ ಕಾರಣಗಳಿಂದ" ಎಂದು ಸುತ್ತಿ ಬಳಸಿ ಬರೆಯಬೇಡಿ, ಇಸ್ತ್ರಿ ಅಂಗಡಿಯಲ್ಲಿ ನಿಂತು ಓದಿದರೂ ಅರ್ಥವಾಗುವಂತೆ ಬರೆಯಿರಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನಮ್ಮ ಮಾನ ಹೋದರೆ ಹೋಗಲಿ, ಅದಕ್ಕೆ ಆನೆ ಬೇಡ. ತಾಯಂದಿರು ಬಂದರೆ ಸಾಕು. ಹಾಗೆಯೇ ಕತ್ತಲರಾಯನ ಎದೆಯ ಬಿಲ್ಲೆಯನ್ನು ವಾಪಸು ತೆಗೆದುಕೊಳ್ಳಿ. ಅವನಿಗೆ ನಾನು ಬಾಗಿಲು ಮುಚ್ಚಿ, ಮಲಗಿಸಿ, ಮಾತಾಡಿಸುತ್ತಾ ಲಸಿಕೆ ಹಾಕುತ್ತೇನೆ. ಅವನು ಒಪ್ಪಿದ್ದಾನೆ, ಛಾಯಾಗ್ರಾಹಕ ಇರಬಾರದು ಎಂಬುದೊಂದೇ ಅವನ ಷರತ್ತು.

ಇನ್ನೊಂದು ವಿಷಯವನ್ನು ಮೊದಲೇ ತಿಳಿಸಿಬಿಡುತ್ತೇನೆ, ಆಮೇಲೆ ಹೇಳಲಿಲ್ಲ ಎನ್ನಬೇಡಿ. ನಮಗೆ ಬರುವ ದಡಾರದ ಲಸಿಕೆಯ ಒಂದು ಸೀಸೆ ಹತ್ತು ಮಕ್ಕಳಿಗೆ ಆಗುತ್ತದೆ. ತೆರೆದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಅದಕ್ಕೇ ಸಾಕಷ್ಟು ಮಕ್ಕಳು ಸೇರುವ ತನಕ ಸೀಸೆ ತೆರೆಯಕೂಡದೆಂದು ನಿಮ್ಮ ಇಲಾಖೆಯ ಸುತ್ತೋಲೆಯಿದೆ. ಇಪ್ಪತ್ತಾರು ವರ್ಷಗಳಲ್ಲಿ ನಾನು ಒಂದು ಹನಿಯನ್ನೂ ಸುಮ್ಮನೆ ಚೆಲ್ಲಿದವಳಲ್ಲ. ಈ ಗುರುವಾರ ಆ ಹೆಣ್ಣುಮಗಳು ಮಗುವನ್ನೆತ್ತಿಕೊಂಡು ನನ್ನ ಬಾಗಿಲಿಗೆ ಬಂದರೆ, ಬೆಂಚಿನ ಮೇಲೆ ಇನ್ನೊಂದು ನರಪಿಳ್ಳೆ ಇಲ್ಲದಿದ್ದರೂ ನಾನು ಸೀಸೆ ತೆರೆಯುತ್ತೇನೆ. ಒಂಬತ್ತು ಮಕ್ಕಳ ಲಸಿಕೆ ಏಕೆ ಹಾಳಾಯಿತೆಂದು ಕಾರಣ ಕೇಳಿ ನೋಟಿಸು ಕಳಿಸಿ. ಕಾರಣ ಎಂದಿರುವ ಜಾಗದಲ್ಲಿ ನಾನು ನಿಮ್ಮ ಹುದ್ದೆಯ ಹೆಸರು ಬರೆದು ಸಹಿ ಮಾಡುತ್ತೇನೆ.

ಇಂತಿ,
ನಿಮ್ಮ ಪಟ್ಟಿಯ ಕಟ್ಟಕಡೆಯ ಆಸ್ಪತ್ರೆಯಲ್ಲಿ,
ಖಾಲಿ ಬೆಂಚಿನ ಎದುರು ಕುಳಿತಿರುವ,
ಲಸಿಕೆ ಕೊಠಡಿಯ ಹಿರಿಯ ನರ್ಸ್